ಬಂಡೆಯ ಮೇಲಿನ ಮಚ್ಚೆ ಕೊಳೆಯಲ್ಲ

ರಾಯದುರ್ಗದ ಕೋಟೆ ಬೆಟ್ಟವನ್ನೋ ಮಡಕಶಿರಾದ ಬೆಟ್ಟವನ್ನೋ ಹತ್ತಿದವರು ಬಂಡೆಗಳ ಮೇಲೆ ಬೂದಿ, ಹಳದಿ, ಕಿತ್ತಳೆ, ಕಪ್ಪು ಬಣ್ಣದ ಮಚ್ಚೆಗಳನ್ನು ನೋಡಿಯೇ ಇರುತ್ತೀರಿ. ಮಕ್ಕಳನ್ನು ಕೇಳಿದರೆ "ಕೊಳೆ ಸಾರ್" ಅಂತಾರೆ. ದೊಡ್ಡವರು ಅದನ್ನೂ ಹೇಳುವುದಿಲ್ಲ, ಅದರ ಮೇಲೆಯೇ ಪೇಂಟಿನಲ್ಲಿ ಹೆಸರು ಬರೆದು ಬರುತ್ತಾರೆ!

ಆ ಮಚ್ಚೆಗಳಲ್ಲಿ ಬಹುಪಾಲು ಜೀವಂತ ಕಲ್ಲುಹೂವುಗಳು. ಇಂಗ್ಲಿಷಿನಲ್ಲಿ ಲೈಕೆನ್. ನಮ್ಮ ಮಸಾಲೆ ಡಬ್ಬಿಯಲ್ಲಿ ಚಕ್ಕೆ, ಮೊಗ್ಗಿನ ಜೊತೆ ಇರುವ ಕಲ್ಲುಹೂವು ಇದೇ ವಂಶದ್ದು. ತೆಲುಗಿನ ಅಕ್ಕಂದಿರು ಅದನ್ನೇ ರಾತಿಪುವ್ವು ಅನ್ನುತ್ತಾರೆ. ಎರಡು ಭಾಷೆಯ ಅಡುಗೆ ಮನೆಗೂ ಗೊತ್ತಿರುವ ಈ ಹೆಸರನ್ನು ಬಿಟ್ಟು ನಾವು ತರಗತಿಯಲ್ಲಿ 'ಲೈಕೆನ್' ಅಂತ ಬರೆಸಿ, ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಇನ್ನು ಲಿಟ್ಮಸ್ ಕಾಗದದ ಬಣ್ಣ ಮೂಲತಃ ಬಂದದ್ದೂ ಕಲ್ಲುಹೂವಿನಿಂದಲೇ ಎಂದು ನಮ್ಮಲ್ಲಿ ಎಷ್ಟು ಜನ ಹೇಳಿದ್ದೇವೆ?

ಇದು ಒಂದು ಜೀವಿಯಲ್ಲ, ಒಂದು ಕೂಡು ಸಂಸಾರ. ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ, ಒಳಗಿರುವ ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. 1867ರಲ್ಲಿ ಸ್ವಿಟ್ಜರ್‌ಲೆಂಡಿನ ಸೈಮನ್ ಶ್ವೆಂಡೆನರ್ ಈ ಮಾತು ಹೇಳಿದಾಗ ದೊಡ್ಡ ದೊಡ್ಡ ಪಂಡಿತರೇ ನಂಬಲಿಲ್ಲ. ಪ್ರಪಂಚದಲ್ಲಿ ಸುಮಾರು 20,000 ಜಾತಿಗಳಿವೆ. ಹಿಮಾಲಯ, ಪಶ್ಚಿಮ ಘಟ್ಟಗಳಲ್ಲಿ ಎಲೆಯಂತೆ ಹರಡಿದವು, ಗಡ್ಡದಂತೆ ಜೋತುಬಿದ್ದವು ಹೇರಳ. ವರ್ಷಕ್ಕೆ 550 ಮಿ.ಮೀ. ಆಸುಪಾಸು ಮಳೆಯ ನಮ್ಮ ಸೀಮೆಯಲ್ಲಿ ಕಲ್ಲಿಗೆ ಹಪ್ಪಳದಂತೆ ಅಂಟಿಕೊಂಡವೇ ಹೆಚ್ಚು. ತಿಂಗಳುಗಟ್ಟಲೆ ಒಣಗಿ ನಿದ್ದೆ ಹೋಗಿ, ಹನಿ ಬಿದ್ದರೆ ಎದ್ದು ಕೂರುತ್ತವೆ. 2005ರಲ್ಲಿ ಯೂರೋಪಿನ ವಿಜ್ಞಾನಿಗಳು ಎರಡು ಜಾತಿಗಳನ್ನು ಸುಮಾರು ಎರಡು ವಾರ ಬಾಹ್ಯಾಕಾಶದಲ್ಲಿ ತೆರೆದಿಟ್ಟು ವಾಪಸ್ ತಂದರೂ ಸಾಯಲಿಲ್ಲ.

ಬಾಹ್ಯಾಕಾಶದಲ್ಲಿ ಬದುಕಿದ್ದು ಕ್ವಾರಿಯ ಮುಂದೆ ಬದುಕುವುದಿಲ್ಲ. ಅಂಟುವ ಜಾತಿಯ ಎಷ್ಟೋ ಕಲ್ಲುಹೂವುಗಳು ವರ್ಷಕ್ಕೆ ಒಂದು ಮಿ.ಮೀ. ಕೂಡ ಬೆಳೆಯುವುದಿಲ್ಲ. 1953ರಲ್ಲಿ ರಾಯದುರ್ಗ ತಾಲೂಕನ್ನು ಬಳ್ಳಾರಿಯಿಂದ ಬಿಡಿಸಿ ಆಂಧ್ರಕ್ಕೆ ಸೇರಿಸಿದರಲ್ಲ, ಅಂಗೈ ಅಗಲದ ಒಂದು ಮಚ್ಚೆ ಅದಕ್ಕಿಂತ ಹಳೆಯದಿರಬಹುದು. ಗ್ರಾನೈಟಿಗೆಂದು ಗುಂಡನ್ನು ಸೀಳಿದರೆ ಹೋಯಿತು, ಪೇಂಟ್ ಬಳಿದರೂ ಹೋಯಿತು. ಬಂಡೆಗೆ ಗಣಿಯವರು ಬೆಲೆ ಕಟ್ಟುತ್ತಾರೆ, ಅದರ ಮೇಲಿನ ಜೀವಕ್ಕೆ ಲೆಕ್ಕವೇ ಇಲ್ಲ. ಬರಡು ಸೀಮೆ, ಇಲ್ಲೇನಿದೆ ಎಂದು ನಾವೇ ಹೇಳುತ್ತಾ ಬಂದರೆ ಲೆಕ್ಕ ಇಡುವವರಾದರೂ ಯಾರು?

ಹೇಮಾವತಿಯ ನೊಳಂಬರ ಗುಡಿಗಳ, ಶಾಸನಗಳ ಮಾತು ಬೇರೆ. ಕಲ್ಲುಹೂವು ಬಿಡುವ ಆಮ್ಲ ನಿಧಾನಕ್ಕೆ ಕಲ್ಲನ್ನು ತಿನ್ನುತ್ತದೆ, ಅಕ್ಷರ ಮಾಸುತ್ತದೆ. ಅಲ್ಲಿ ತೆಗೆಯಬೇಕು ಅನ್ನುವುದು ಸರಿಯೇ. ಆದರೆ ಅದು ಪುರಾತತ್ವದವರ ಕೆಲಸ, ಶ್ರಮದಾನದ ಹೆಸರಲ್ಲಿ ಮಕ್ಕಳ ಕೈಗೆ ತಂತಿ ಬ್ರಷ್ ಕೊಡುವುದಲ್ಲ.

2022ರಲ್ಲಿ ಜಿಲ್ಲೆ ಒಡೆದು ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಬಂಡೆಗಳಿಗೆ ಅದರ ಗೊಡವೆಯಿಲ್ಲ. ಎರಡೂ ಕಡೆಯ ಕನ್ನಡ ಶಾಲೆಗಳು ಒಂದೊಂದು ಬಂಡೆಯನ್ನು ದತ್ತು ತೆಗೆದುಕೊಳ್ಳಬಹುದು. ದಾರದಿಂದ ಒಂದು ಮೊಳದ ಚೌಕ ಮಾಡಿ, ಅದರೊಳಗೆ ಎಷ್ಟು ಬಣ್ಣ, ಎಷ್ಟು ಆಕಾರ ಎಂದು ಎಣಿಸಿ, ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ತೆಗೆಯುವುದು. ಕೆರೆದು ಕೀಳುವುದು ಬೇಡ. ಜಾತಿಯ ಹೆಸರು ಆಮೇಲೆ ನೋಡಿಕೊಳ್ಳೋಣ, ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಇದಕ್ಕೆಂದೇ ದೊಡ್ಡ ಸಂಗ್ರಹವಿದೆ. ಅಗಳಿ, ರೊಳ್ಳ, ಗುಮ್ಮಘಟ್ಟದ ಕಡೆಯ ಶಿಕ್ಷಕ ಮಿತ್ರರು ಒಂದು ಲೋಟ ನೀರು ಮಾತ್ರ ಮರೆಯದೆ ಒಯ್ಯಿರಿ. ಒಣಗಿದ ಬೂದು ಮಚ್ಚೆಯ ಮೇಲೆ ನಾಲ್ಕು ಹನಿ ಬಿಟ್ಟು ಸ್ವಲ್ಪ ಕಾದರೆ, ಎಷ್ಟೋ ಮಚ್ಚೆಗಳು ಮಕ್ಕಳ ಕಣ್ಣೆದುರೇ ಹಸಿರಿಗೆ ತಿರುಗುತ್ತವೆ.