ತಕ್ಕ ಪದ

‘ಪ್ರಬಂಧ’ ಎಂಬ ಪದಕ್ಕೆ ಚೆನ್ನಾಗಿ ಬಂಧಿಸಿದುದು, ಬಿಗಿಯಾಗಿ ಕಟ್ಟಿದುದು ಎಂದು ಅರ್ಥ. ಮನೆಯನ್ನು ಕಟ್ಟುವವರು ಕಲ್ಲನ್ನು ಆರಿಸಿಕೊಳ್ಳುತ್ತಾರೆ. ತಳಪಾಯಕ್ಕೆ ಬೇಕಾದ ಕಲ್ಲು ಬೇರೆ, ಹೊಸ್ತಿಲಿಗೆ ಬೇಕಾದ ಕಲ್ಲು ಬೇರೆ. ನುಣುಪಾಗಿದೆ ಎಂಬ ಒಂದೇ ಕಾರಣಕ್ಕಾಗಿ ಹೊಸ್ತಿಲ ಕಲ್ಲನ್ನು ಯಾರೂ ತಳಪಾಯದಲ್ಲಿ ಹೂಳುವುದಿಲ್ಲ. ಪ್ರಬಂಧವನ್ನು ಬರೆಯುವವರಿಗೆ ಪದಗಳೇ ಕಲ್ಲುಗಳು. ಆದರೆ ಪದಗಳನ್ನು ಆರಿಸುವಾಗ ಕಲ್ಲುಕುಟಿಗರಲ್ಲಿರುವ ಎಚ್ಚರವು ಬರೆಯುವವರಲ್ಲಿ ಅನೇಕ ವೇಳೆ ಕಾಣಬರುವುದಿಲ್ಲ. ಹೊಳೆಯುವ ಪದವೇ ಒಳ್ಳೆಯ ಪದ, ದೊಡ್ಡ ಪದವೇ ದೊಡ್ಡ ಮಾತು ಎಂಬ ತಪ್ಪು ನಂಬಿಕೆಯೇ ಇದಕ್ಕೆ ಕಾರಣ.

‘ನಮ್ಮೂರ ಕೆರೆ’ ಎಂಬ ವಿಷಯವನ್ನು ಕುರಿತು ಪ್ರಬಂಧ ಬರೆಯಬೇಕಾಗಿದೆ ಎಂದಿಟ್ಟುಕೊಳ್ಳೋಣ. ವಿದ್ಯಾರ್ಥಿಯೊಬ್ಬರು ಹೀಗೆ ಪ್ರಾರಂಭಿಸಬಹುದು: ‘ನಮ್ಮ ಗ್ರಾಮದ ಪೂರ್ವ ದಿಕ್ಕಿನಲ್ಲಿ ಅತ್ಯಂತ ರಮಣೀಯವಾದ ಸರೋವರವೊಂದು ಶೋಭಿಸುತ್ತಿದೆ. ಅದರ ಸೌಂದರ್ಯವು ವರ್ಣನಾತೀತವಾದುದು.’ ಈ ವಾಕ್ಯಗಳಲ್ಲಿ ವ್ಯಾಕರಣದ ದೋಷವಿಲ್ಲ; ಕಾಗುಣಿತವೂ ಸರಿಯಾಗಿದೆ. ಆದರೂ ಇವುಗಳಿಂದ ಯಾವ ಊರಿನ ಯಾವ ಕೆರೆಯೂ ಕಣ್ಣಿಗೆ ಕಟ್ಟುವುದಿಲ್ಲ. ನೂರು ಊರುಗಳ ನೂರು ಕೆರೆಗಳಿಗೂ ಇದೇ ಮಾತು ಹೊಂದುತ್ತದೆ. ಇನ್ನು ‘ವರ್ಣನಾತೀತ’ ಎಂದರೆ ವರ್ಣಿಸಲು ಸಾಧ್ಯವಿಲ್ಲದ್ದು. ವರ್ಣಿಸುವುದಕ್ಕೆಂದೇ ಲೇಖನಿ ಹಿಡಿದವರು ಎರಡನೆಯ ವಾಕ್ಯದಲ್ಲಿಯೇ ಅದು ಆಗದೆಂದು ಕೈಚೆಲ್ಲಿದಂತಾಯಿತು.

‘ಸರೋವರ’ ಎಂಬ ಪದವು ಕೆಟ್ಟದ್ದೇನೂ ಅಲ್ಲ. ಮಾನಸ ಸರೋವರವನ್ನು ವರ್ಣಿಸುವಾಗ ಅದು ಸಹಜವಾಗಿಯೇ ಬರುತ್ತದೆ. ಆದರೆ ಕನ್ನಡ ನಾಡಿನ ಕೆರೆಯು ತಾನಾಗಿ ಹುಟ್ಟಿದ ಸರೋವರವಲ್ಲ. ಹರಿದು ಹೋಗುವ ಮಳೆಯ ನೀರಿಗೆ ಅಡ್ಡಲಾಗಿ ಜನರು ಮಣ್ಣನ್ನು ಹೊತ್ತು ಏರಿ ಹಾಕಿ ನಿಲ್ಲಿಸಿದ ನೀರು ಅದು. ಏರಿಯ ಅಡಿಯಲ್ಲಿ ತೂಬು ಇರುತ್ತದೆ; ಗದ್ದೆಗೆ ನೀರು ಹೋಗುವುದು ಅದರ ಮೂಲಕ. ಕೆರೆ ತುಂಬಿದಾಗ ಹೆಚ್ಚಾದ ನೀರು ಕೋಡಿಯಲ್ಲಿ ಹರಿದು ಹೋಗುತ್ತದೆ. ಕೆರೆಯ ನೀರನ್ನು ನಂಬಿ ಬೆಳೆಯುವ ಭೂಮಿಗೆ ಅಚ್ಚುಕಟ್ಟು ಎಂದು ಹೆಸರು. ತೂಬನ್ನು ತೆರೆದು ಗದ್ದೆಗದ್ದೆಗೆ ನೀರು ಹಂಚುವವರು ನೀರುಗಂಟಿ. ಮಳೆಯ ನೀರಿನೊಡನೆ ಬಂದು ತಳದಲ್ಲಿ ಕೂರುವ ಮಣ್ಣು ಹೂಳು. ಇವುಗಳಲ್ಲಿ ಒಂದೊಂದು ಪದವೂ ಒಂದೊಂದು ವಸ್ತುವನ್ನು ಬೆರಳಿಟ್ಟು ತೋರಿಸುತ್ತದೆ. ‘ಸರೋವರ’ವೆಂದು ಬರೆದೊಡನೆ ಏರಿ, ತೂಬು, ಕೋಡಿಗಳೆಲ್ಲ ಮರೆಯಾಗಿ, ಬರೆದವರು ಎಂದೂ ಕಾಣದ ಹಂಸಗಳು ಮಾತ್ರ ತೇಲತೊಡಗುತ್ತವೆ.

ಪ್ರಬಂಧದಲ್ಲಿ ಇದರಿಂದ ಆಗುವ ನಷ್ಟ ಅಲ್ಪವೆಂದು ತೋರಬಹುದು. ಆದರೆ ಇಂದು ಪ್ರಬಂಧ ಬರೆಯುವ ಕೈಯೇ ನಾಳೆ ಗ್ರಾಮ ಪಂಚಾಯಿತಿಗೆ ಅರ್ಜಿಯನ್ನೂ ಬರೆಯಬೇಕಾಗುತ್ತದೆ. ‘ನಮ್ಮ ಗ್ರಾಮದ ಸರೋವರವು ತನ್ನ ಪೂರ್ವವೈಭವವನ್ನು ಕಳೆದುಕೊಂಡು ಶೋಚನೀಯ ಸ್ಥಿತಿಯಲ್ಲಿದೆ’ ಎಂದು ಬರೆದರೆ ಅದನ್ನು ಓದಿದ ಅಧಿಕಾರಿಗೆ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ‘ಕೆರೆಯ ತೂಬು ಹೂಳಿನಿಂದ ಮುಚ್ಚಿಹೋಗಿದೆ, ಏರಿಯು ಕೋಡಿಯ ಬಳಿ ಬಿರುಕು ಬಿಟ್ಟಿದೆ’ ಎಂದು ಬರೆದರೆ ಎಲ್ಲಿಗೆ ಬರಬೇಕು, ಏನನ್ನು ನೋಡಬೇಕು, ಯಾವುದನ್ನು ಸರಿಪಡಿಸಬೇಕು ಎಂಬುದೆಲ್ಲ ಸ್ಪಷ್ಟವಾಗುತ್ತದೆ. ಏರಿ ಒಡೆದರೆ ಕೆಳಗಿನ ಬೆಳೆ ಕೊಚ್ಚಿಹೋಗುತ್ತದೆ. ತಕ್ಕ ಪದವು ಅಲ್ಲಿ ಅಲಂಕಾರದ ವಸ್ತುವಾಗಿ ಉಳಿಯುವುದಿಲ್ಲ. ಅದು ಊರನ್ನು ಕಾಯುವ ಸಾಧನವಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ತೂಬು, ಕೋಡಿ, ಹೂಳು ಮುಂತಾದುವು ಹೊಲಗದ್ದೆಗಳ ಮಾತು. ಗ್ರಂಥಸ್ಥ ಭಾಷೆಯಲ್ಲಿ ಅವುಗಳಿಗೆ ಸ್ಥಾನವೆಲ್ಲಿಯದು ಎಂದು ಕೆಲವರು ಕೇಳುತ್ತಾರೆ. ಮನೆಯ ಮಾತನ್ನು ಬರೆದರೆ ಅಂಕಗಳು ಕಡಿಮೆಯಾದಾವು ಎಂಬ ಅಳುಕೂ ವಿದ್ಯಾರ್ಥಿಗಳಲ್ಲಿ ಉಂಟು. ಈ ಅಳುಕಿನಲ್ಲಿ ಸ್ವಲ್ಪ ಮಟ್ಟಿನ ಸತ್ಯವಿದೆ. ‘ಹೋಗ್ತಾರೆ’, ‘ಬರ್ತೈತೆ’ ಎಂಬ ಆಡುರೂಪಗಳು ಸಂಭಾಷಣೆಯಲ್ಲಿ ಸೊಗಸಾಗಿದ್ದರೂ ವಿಚಾರವನ್ನು ನಿರೂಪಿಸುವ ಪ್ರಬಂಧದಲ್ಲಿ ‘ಹೋಗುತ್ತಾರೆ’, ‘ಬರುತ್ತದೆ’ ಎಂದೇ ಬರೆಯುವುದು ಪದ್ಧತಿ. ಬೇರೆ ಬೇರೆ ಜಿಲ್ಲೆಗಳವರು ಒಂದೇ ಬಗೆಯಾಗಿ ಓದಿ ತಿಳಿಯಲು ಈ ಪದ್ಧತಿ ಸಹಾಯಕವಾಗಿದೆ. ಆದರೆ ವಸ್ತುವಿನ ಹೆಸರು ಬೇರೆ, ಉಚ್ಚಾರಣೆಯ ರೂಪ ಬೇರೆ. ತೂಬಿಗೆ ತೂಬೆಂದೇ ಹೆಸರು. ಅದಕ್ಕೆ ಬದಲಾಗಿ ‘ಜಲನಿರ್ಗಮನ ದ್ವಾರ’ ಎಂದು ಬರೆದರೆ ಭಾಷೆಯ ಗೌರವ ಹೆಚ್ಚುವುದಿಲ್ಲ. ಓದುವವರ ಶ್ರಮ ಮಾತ್ರ ಹೆಚ್ಚುತ್ತದೆ.

ಹಾಗಾದರೆ ಸಂಸ್ಕೃತ ಪದಗಳನ್ನು ಬಿಟ್ಟು ಅಚ್ಚಗನ್ನಡದಲ್ಲಿಯೇ ಬರೆಯಬೇಕೆ? ಈ ಪ್ರಶ್ನೆ ಇಂದು ನಿನ್ನೆಯದಲ್ಲ. ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದ, 9ನೆಯ ಶತಮಾನದ ‘ಕವಿರಾಜಮಾರ್ಗ’ವೇ ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ವಿವೇಚನೆಯಿಲ್ಲದೆ ಬೆಸೆದು ಸಮಾಸ ಮಾಡುವುದನ್ನು ದೋಷವೆಂದು ಎಣಿಸಿತು. 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿದ ನಯಸೇನನು ಇಂತಹ ಬೆರಕೆಯನ್ನು ತುಪ್ಪಕ್ಕೆ ಎಣ್ಣೆ ಬೆರಸುವುದಕ್ಕೆ ಹೋಲಿಸಿ ಹಾಸ್ಯ ಮಾಡಿದನು. 13ನೆಯ ಶತಮಾನದ ಆಂಡಯ್ಯನು ತತ್ಸಮಗಳನ್ನು ಬಿಟ್ಟು ದೇಶ್ಯ ಮತ್ತು ತದ್ಭವ ಪದಗಳಿಂದಲೇ ‘ಕಬ್ಬಿಗರ ಕಾವ’ವನ್ನು ರಚಿಸಿ ತೋರಿಸಿದನು. ಮುದ್ದಣನ ‘ಶ್ರೀರಾಮಾಶ್ವಮೇಧ’ದಲ್ಲಿ ಸಂಸ್ಕೃತದ ಅಬ್ಬರವನ್ನು ತಡೆದು ತಿಳಿಗನ್ನಡವನ್ನು ಬೇಡುವವಳು ಮನೋರಮೆ. ಇಷ್ಟೆಲ್ಲ ಇದ್ದರೂ ನಯಸೇನನು ತುಪ್ಪ ಮತ್ತು ಎಣ್ಣೆಗಳ ಹೋಲಿಕೆಯನ್ನು ಹೇಳಲು ಬಳಸಿದುದು ಘೃತ, ತೈಲ ಎಂಬ ಸಂಸ್ಕೃತ ಪದಗಳನ್ನೇ ಎಂಬುದು ಗಮನಾರ್ಹ. ಪದದ ಕುಲವನ್ನು ನೋಡಿ ಬರೆಯಲು ಹೊರಟರೆ ಬಲ್ಲವರಿಗೂ ದಾರಿ ತಪ್ಪುತ್ತದೆ.

ಆದ್ದರಿಂದ ನೋಡಬೇಕಾದುದು ಪದವು ಎಲ್ಲಿಂದ ಬಂದಿತೆಂಬುದನ್ನಲ್ಲ, ಅದು ಅಲ್ಲಿ ಏನು ಕೆಲಸ ಮಾಡುತ್ತದೆ ಎಂಬುದನ್ನು. ಸಂವಿಧಾನ, ಸ್ವಾತಂತ್ರ್ಯ, ವಿಜ್ಞಾನ ಎಂಬ ಸಂಸ್ಕೃತ ಪದಗಳನ್ನು ಬಿಟ್ಟು ಇಂದು ಪೌರನೀತಿಯನ್ನು ಬರೆಯುವುದು ಕಷ್ಟ. ಅರ್ಜಿ, ಜಮೀನು, ತಾಲ್ಲೂಕು ಎಂಬುವು ಅರಬ್ಬಿ ಪಾರಸಿಗಳಿಂದ ಬಂದು ಆಡಳಿತದಲ್ಲಿ ನೆಲೆನಿಂತಿವೆ. ಚಾವಿ, ಅನಾನಸು ಪೋರ್ಚುಗೀಸರಿಂದ ಬಂದುವು. ಬಸ್ಸು, ಕಾಫಿ ಇಂಗ್ಲಿಷಿನಿಂದ ಬಂದುವು. ಹಳ್ಳಿಯ ಅಜ್ಜಿಯೂ ಅರಿತು ಆಡುವ ‘ಬಸ್ಸು’ ಎಂಬ ಪದವನ್ನು ಬಿಟ್ಟು ಬೇರೊಂದನ್ನು ಹೊಸದಾಗಿ ಹೊಸೆಯುವುದು ಅನಾವಶ್ಯಕ. ಅದೇ ರೀತಿ ‘ಅನ್ನ’ವೆಂಬ ಮಾತಿರುವಾಗ ‘ರೈಸ್’ ಎಂದು ಬರೆಯುವುದೂ ಅನುಚಿತವೇ.

ಈ ಹೊಂದಿಕೆಗೆ ಭಾರತೀಯ ಕಾವ್ಯಮೀಮಾಂಸೆಯಲ್ಲಿ ‘ಔಚಿತ್ಯ’ ಎಂಬ ಹೆಸರುಂಟು. 11ನೆಯ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಕ್ಷೇಮೇಂದ್ರನು ಇದನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ಸೊಂಟಕ್ಕೆ ಕಟ್ಟುವ ಡಾಬನ್ನು ಕೊರಳಿಗೂ, ಕೊರಳಿನ ಹಾರವನ್ನು ಸೊಂಟಕ್ಕೂ ಧರಿಸಿದರೆ ಯಾರಿಗೆ ತಾನೆ ನಗು ಬಾರದು ಎಂಬುದು ಅವನ ದೃಷ್ಟಾಂತದ ತಾತ್ಪರ್ಯ. ಎರಡೂ ಚಿನ್ನದ್ದೇ, ಆದರೆ ಸ್ಥಾನ ತಪ್ಪಿದೆ.

ಸ್ಥಾನ ತಪ್ಪುವುದಕ್ಕೆ ಅರ್ಥದ ಸೂಕ್ಷ್ಮವನ್ನು ಅರಿಯದಿರುವುದೇ ಮುಖ್ಯ ಕಾರಣ. ‘ನೋಡು’, ‘ಕಾಣು’ ಎಂಬ ಎರಡು ಕ್ರಿಯಾಪದಗಳು ಸಮಾನಾರ್ಥಕಗಳೆಂದು ತೋರುತ್ತವೆ. ಆದರೆ ‘ಎಷ್ಟು ನೋಡಿದರೂ ಕಾಣಲಿಲ್ಲ’ ಎಂಬ ದಿನಬಳಕೆಯ ಮಾತು ಅವುಗಳ ವ್ಯತ್ಯಾಸವನ್ನು ಸಾರಿ ಹೇಳುತ್ತದೆ. ನೋಡುವುದು ಪ್ರಯತ್ನ, ಕಾಣುವುದು ಫಲ. ‘ಅಪೇಕ್ಷೆ’ ಎಂದರೆ ಬಯಕೆ. ‘ಉಪೇಕ್ಷೆ’ ಎಂದರೆ ಕಡೆಗಣಿಸುವುದು. ‘ನಿರೀಕ್ಷೆ’ ಎಂದರೆ ಎದುರುನೋಡುವುದು. ಮೂರರಲ್ಲಿಯೂ ಇರುವುದು ನೋಟವನ್ನು ಸೂಚಿಸುವ ಒಂದೇ ಧಾತು. ಹಿಂದೆ ಸೇರಿದ ಚಿಕ್ಕ ಉಪಸರ್ಗವು ಅರ್ಥವನ್ನೇ ತಿರುಗಿಸಿಬಿಡುತ್ತದೆ. ‘ನಿಮ್ಮ ಉಪೇಕ್ಷೆಯಲ್ಲಿರುತ್ತೇನೆ’ ಎಂದು ಪತ್ರ ಬರೆದರೆ ಓದಿದವರು ನಗುತ್ತಾರೆ, ಇಲ್ಲವೆ ನೊಂದುಕೊಳ್ಳುತ್ತಾರೆ. ‘ಸವಿನಯಪೂರ್ವಕವಾಗಿ’ ಎಂಬ ರೂಢಿಯ ಮಾತಿನಲ್ಲಿ ವಿನಯಕ್ಕೆ ಮುಂದೊಂದು ಹಿಂದೊಂದು ಹೊರೆ ಬಿದ್ದಿದೆ. ‘ಸವಿನಯವಾಗಿ’ ಅಥವಾ ‘ವಿನಯಪೂರ್ವಕವಾಗಿ’ ಎಂದರೆ ಸಾಕು.

ಅರ್ಥ ಸರಿಯಾಗಿದ್ದರೂ ಕೆಲವೊಮ್ಮೆ ಪದವು ನ್ಯಾಯವನ್ನು ತಪ್ಪಬಹುದು. ಊರಿನ ಜನರನ್ನು ಕುರಿತು ಬರೆಯುವಾಗ ‘ವೈದ್ಯರು ಬಂದರು, ಗುಮಾಸ್ತರು ಬಂದರು, ಬೀದಿ ಗುಡಿಸುವವನು ಬಂದನು’ ಎಂಬ ವಾಕ್ಯವು ಅರಿವಿಲ್ಲದೆಯೇ ಲೇಖನಿಯಿಂದ ಇಳಿಯುತ್ತದೆ. ಮೂವರೂ ಒಂದೇ ವಯಸ್ಸಿನವರಾಗಿರಬಹುದು. ಮೂವರಿಂದಲೂ ಊರಿಗೆ ಉಪಕಾರವಾಗುತ್ತಿರಬಹುದು. ಆದರೆ ‘ಬಂದರು’ ಮತ್ತು ‘ಬಂದನು’ ಎಂಬ ಎರಡು ಪ್ರತ್ಯಯಗಳು ಅವರ ನಡುವೆ ಗೋಡೆಯನ್ನು ಎಬ್ಬಿಸುತ್ತವೆ. ಕನ್ನಡದಲ್ಲಿ ಏಕವಚನವು ಯಾವಾಗಲೂ ಅಗೌರವವಲ್ಲ. ದೇವರನ್ನೂ ಪಂಪನಂತಹ ಪ್ರಾಚೀನ ಕವಿಗಳನ್ನೂ ಏಕವಚನದಿಂದಲೇ ಕರೆಯುವ ವಾಡಿಕೆಯುಂಟು. ಅಲ್ಲಿ ಇರುವುದು ಭಕ್ತಿ ಮತ್ತು ಸಲುಗೆ. ದುಡಿಯುವವರಿಗೆ ಮಾತ್ರ ಸಲ್ಲಿಸುವ ಏಕವಚನದಲ್ಲಿ ಇರುವುದು ತಿರಸ್ಕಾರ. ‘ಪೌರಕಾರ್ಮಿಕರು ಬಂದರು’ ಎಂದು ಬರೆಯಲು ಹೆಚ್ಚಿನ ಪಾಂಡಿತ್ಯವೇನೂ ಬೇಕಿಲ್ಲ. ಹಾಗೆಯೇ ಒಬ್ಬರ ದೇಹದ ಊನವನ್ನೇ ಅವರ ಹೆಸರಾಗಿ ಮಾಡಿ ಕುಂಟ, ಕುರುಡ ಎಂದು ಬರೆಯುವುದು ಸಲ್ಲದು. ಇಂದು ಸರ್ಕಾರದ ಬರೆವಣಿಗೆಯಲ್ಲಿ ‘ವಿಕಲಚೇತನರು’ ಎಂಬ ಪದವು ಬಳಕೆಗೆ ಬಂದಿದೆ. ತಕ್ಕ ಪದವನ್ನು ಆರಿಸುವುದೆಂದರೆ ಎದುರಿಗಿರುವ ಮನುಷ್ಯರನ್ನು ತಕ್ಕಂತೆ ಕಾಣುವುದೂ ಹೌದು.

ಈ ವಿವೇಚನೆಯು ಒಂದೇ ದಿನದಲ್ಲಿ ಬರತಕ್ಕದ್ದಲ್ಲ. ಆದರೆ ಅಭ್ಯಾಸದಿಂದ ಬರುತ್ತದೆ. ಬರೆಯುವ ಮೊದಲು ವಸ್ತುವನ್ನು ಸರಿಯಾಗಿ ನೋಡಬೇಕು. ಅದನ್ನು ಬಳಸಿ ಬಾಳುವವರ ಬಾಯಿಂದ ಅದರ ಹೆಸರನ್ನು ಕೇಳಬೇಕು. ಸಂಶಯ ಬಂದಾಗ ನಿಘಂಟನ್ನು ತೆರೆಯಬೇಕು. ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರು ಕನ್ನಡದ ಪದಗಳನ್ನು ಕಲೆಹಾಕಿ 1894ರಲ್ಲಿ ಮಂಗಳೂರಿನಲ್ಲಿ ನಿಘಂಟನ್ನು ಪ್ರಕಟಿಸಿದರು. ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ನಿಘಂಟನ್ನು ಹೊರತಂದಿದೆ. ಇವರ ಶ್ರಮವೆಲ್ಲ ಬರೆಯುವವರ ಉಪಯೋಗಕ್ಕಾಗಿಯೇ ಇದೆ. ಬರೆದಾದ ಮೇಲೆ ಒಮ್ಮೆ ಗಟ್ಟಿಯಾಗಿ ಓದಬೇಕು. ಯಾವ ಪದವನ್ನು ತೆಗೆದರೂ ಅರ್ಥಕ್ಕೆ ಕೊರತೆಯಾಗುವುದಿಲ್ಲವೋ ಆ ಪದವನ್ನು ತೆಗೆದುಬಿಡಬೇಕು.

ಹೀಗೆ ಬರೆದ ಪ್ರಬಂಧದಲ್ಲಿ ರಮಣೀಯ ಸರೋವರವು ಇಲ್ಲದೆ ಹೋಗಬಹುದು. ಅದರ ಬದಲು ಏರಿಯ ಮೇಲಿನ ಕಾಲುದಾರಿ, ಹೂಳು ತುಂಬಿದ ತೂಬು, ಕೋಡಿ ಹರಿದ ವರ್ಷದ ನೆನಪು ಅಲ್ಲಿ ಕಾಣಿಸಿಕೊಳ್ಳುತ್ತವೆ. ಓದಿದವರು ‘ಇದು ಇಂತಹ ಊರಿನ ಕೆರೆ’ ಎಂದು ಗುರುತಿಸುತ್ತಾರೆ. ಬರೆದವರ ಪದಗಳು ತಕ್ಕವೆಂಬುದಕ್ಕೆ ಅದಕ್ಕಿಂತ ಮಿಗಿಲಾದ ಸಾಕ್ಷಿ ಬೇಕಿಲ್ಲ.