ಕೇಳುವವರ ತೊಡಕು, ಹೇಳುವವರ ಸಂಕೋಚ

ಸಂಶೋಧನೆಯೆಂದರೆ ಪ್ರಶ್ನಾವಳಿ ಹಿಡಿದು ಹಳ್ಳಿಗೆ ಹೋಗಿಬರುವುದೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಅರೆರಚಿತ ಸಂದರ್ಶನವು ಅಷ್ಟು ಸುಲಭದ ಮಾತಲ್ಲ. ಕೆಲವು ಪ್ರಶ್ನೆಗಳು ಮೊದಲೇ ನಿಶ್ಚಯವಾಗಿರಬೇಕು. ಮಾತನ್ನು ಅದು ಹರಿದ ಕಡೆಗೆ ಹರಿಯಗೊಡಲೂ ಬೇಕು. ಹಗ್ಗ ಬಿಗಿಹಿಡಿದರೆ ಎತ್ತು ನಿಲ್ಲುತ್ತದೆ, ಸಡಿಲಬಿಟ್ಟರೆ ಸಾಲು ತಪ್ಪುತ್ತದೆ.

ಮೊದಲ ತೊಡಕು ಭಾಷೆಯದು. ‘ನಿಮ್ಮ ಕುಟುಂಬದ ವಾರ್ಷಿಕ ಆದಾಯವೆಷ್ಟು?’ ಎಂದರೆ ರೈತನಿಗೆ ರೇಷನ್ ಕಾರ್ಡು ಹೋದೀತೆಂಬ ಭಯ. ‘ಈ ಸಲ ರಾಗಿ ಎಷ್ಟು ಮೂಟೆ ಬಂತಣ್ಣ?’ ಎಂದರೆ ಮಳೆ, ಸಾಲ, ಮಗಳ ಮದುವೆ ಎಲ್ಲವೂ ತಾವಾಗಿ ಹೊರಬರುತ್ತವೆ. ಎರಡನೆಯದು ಏಕಾಂತದ ಅಭಾವ. ಹೆಂಗಸನ್ನು ಕೇಳಿದರೆ ಗಂಡ ಉತ್ತರಿಸುತ್ತಾನೆ. ಕೂಲಿಯವನನ್ನು ಕೇಳಿದರೆ ಜಗಲಿಯ ಮೇಲಿನ ಯಜಮಾನರು. ಮೂರನೆಯದು ನ್ಯಾಯದ ಪ್ರಶ್ನೆ. ಧ್ವನಿಮುದ್ರಣದ ಮುಂದೆ ಬಿಗಿದ ನಾಲಗೆ, ಮೊಬೈಲು ಜೇಬು ಸೇರಿದೊಡನೆ ಸಡಿಲುತ್ತದೆ. ಆ ಮಾತನ್ನು ಒಪ್ಪಿಗೆಯಿಲ್ಲದೆ ಬರೆದುಕೊಳ್ಳಬಹುದೆ?

1948ರಲ್ಲಿ ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲಸಿ, ಅದನ್ನು ರಾಂಪುರವೆಂದು ಕರೆದರು. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದರೂ, ನೆನಪಿನ ಬಲದಿಂದ ‘ದಿ ರಿಮೆಂಬರ್ಡ್ ವಿಲೇಜ್’ (1976) ಬರೆದರು. ಜನರೊಡನೆ ಬಾಳಿದವರಿಗೆ ಮಾತ್ರ ಅದು ಸಾಧ್ಯ. ನಮಗೆ ದೊರೆಯುವುದೋ ಎರಡು ಭಾನುವಾರ!

ಆದಕಾರಣ, ಅಂಕಗಳಿಗಾಗಿ ಐವತ್ತು ಜನರನ್ನು ಒಮ್ಮೆ ಕೇಳುವುದಕ್ಕಿಂತ ಐದು ಜನರನ್ನು ಮತ್ತೆ ಮತ್ತೆ ಕಾಣುವುದು ಮೇಲೆಂದು ನನ್ನ ಅಭಿಪ್ರಾಯ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಾವು ‘ಮಾಹಿತಿದಾರ’ರೆನ್ನುವವರು ನನ್ನ ತಂದೆತಾಯಿಗಳಂಥವರೇ. ಅವರ ಮಾತನ್ನು ಗ್ರಂಥಭಾಷೆಗೆ ತಿದ್ದಿ ಅವರ ಹೆಸರಿನಲ್ಲಿ ಒಪ್ಪಿಸುವ ಹಕ್ಕು ನಮಗಾರಿಗೂ ಇಲ್ಲ.