23 ಕೆಜಿ ಚೀಲ: ಏನು ತುಂಬಬೇಕು, ಯಾರು ಏನು ಇಳಿಸಬೇಕು



ಆಗಸ್ಟ್ ಹತ್ರ ಬಂತು ಅಂದ್ರೆ ವಿದೇಶಕ್ಕೆ ಓದೋಕೆ ಹೋಗೋ ಮಕ್ಕಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪಟ್ಟಿ ಓಡಾಡುತ್ತೆ. ಮೂರು ಲೀಟರ್ ಕುಕ್ಕರ್, ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಥರ್ಮಲ್ ಬಟ್ಟೆ, ಎರಡು ಜೊತೆ ಕನ್ನಡಕ, ಪುಟ್ಟದೊಂದು ದೇವರ ಫೋಟೋ. ಅಮೆರಿಕಕ್ಕೆ ಹೋಗೋರಿಗೆ ಸಾಮಾನ್ಯವಾಗಿ 23 ಕೆಜಿಯ ಎರಡು ಚೀಲ ಬಿಡ್ತಾರೆ. ಎಲ್ಲಾನೂ ಅದರೊಳಗೇ ಹಿಡಿಸಬೇಕು. ಮೊದಲ ಸಲ ವಿಮಾನ ಹತ್ತೋ ಮಕ್ಕಳಿಗೆ ಇಂಥ ಪಟ್ಟಿ ಬೇಕೇಬೇಕು, ಗೇಲಿ ಮಾಡಲ್ಲ. ಆದ್ರೆ ಅದನ್ನ ಯಾರ ಮನೆ ನೋಡಿ ಬರೆದಿದಾರೆ ಅನ್ನೋದು ನನ್ನ ಪ್ರಶ್ನೆ.

ಪಟ್ಟಿಯ ಜೊತೆಗೇ ಇನ್ನೊಂದು ಬುದ್ಧಿಮಾತು ಬರುತ್ತೆ. ಹೋಗೋ ಮೊದಲು ಮನೆ ಹಗುರ ಮಾಡಿ, ವರ್ಷದಿಂದ ಮುಟ್ಟದ ಬಟ್ಟೆ, ಹಳೇ ಪಾತ್ರೆ ಎಲ್ಲ ತೆಗೆದು 'ಮನೆಗೆಲಸದವರಿಗೆ ಕೊಟ್ಟುಬಿಡಿ' ಅಂತ. ಆ ಮನೆಗೆಲಸದವರು ಯಾರು ಸ್ವಾಮಿ? ನಮ್ಮ ಅವ್ವಂದಿರು, ನಮ್ಮ ಅಕ್ಕಂದಿರು. ನೀವು ಹಗುರ ಆಗೋಕೆ ಇಳಿಸಿದ ಸ್ವೆಟರ್ ತೊಟ್ಟು ಸ್ಕೂಲಿಗೆ ಹೋದೋರು ನಾವು. ಈಗ ಅಂಥ ಮನೆಗಳ ಮಕ್ಕಳೇ ಲಂಡನ್‌ಗೆ, ಮೆಲ್ಬರ್ನ್‌ಗೆ ಹೊರಟಿದಾರೆ. ಅವರ ಮನೇಲಿ ಖಾಲಿ ಮಾಡೋಕೆ ಏನಿದೆ? ಒಂದು ಹಾಸ್ಟೆಲ್ ಟ್ರಂಕು, ಅಂಕಪಟ್ಟಿಗಳ ಒಂದು ಫೈಲು, ಗೋಡೆ ಮೇಲೆ ಬಾಬಾಸಾಹೇಬರ ಫೋಟೋ.

ಈಗ ಆ ಫೋಟೋನೂ ಬಿಟ್ಟು ಹೋಗಿ ಅಂತಾರೆ. ಇತ್ತೀಚೆಗೆ ನಮ್ಮ ಕಡೆಯ ಒಬ್ಬ ಹುಡುಗಿ ಫೋನ್ ಮಾಡಿದ್ಲು. ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲಲ್ಲಿ ಇದ್ದು ಓದಿದೋಳು, ಇಂಗ್ಲೆಂಡಿಗೆ ಹೊರಟಿದಾಳೆ. "ಅಣ್ಣಾ, ಬಾಬಾಸಾಹೇಬರ ಫೋಟೋ ತಗೊಂಡು ಹೋಗ್ಬೇಡ ಅಂತ ಸೀನಿಯರ್ ಒಬ್ರು ಹೇಳಿದ್ರು. ಅಲ್ಲಿ ಮನೇಲಿ ಜೊತೆಗೆ ಇರೋರೆಲ್ಲ ಇಂಡಿಯಾದೋರೇ ಅಂತೆ, ಸುಮ್ನೆ ಯಾಕೆ ಅಂದ್ರು" ಅಂದ್ಲು. ಸೀನಿಯರ್ ಕೂಡ ನಮ್ಮೋರೇ. ಕೆಟ್ಟದ್ದು ಬಯಸಿ ಹೇಳಿದ್ದಲ್ಲ, ಅನುಭವಿಸಿ ಹೇಳಿದ್ದು. ಆರು ಸಾವಿರ ಕಿಲೋಮೀಟರ್‌ಗಿಂತ ದೂರ ಹೋಗೋ ಹುಡುಗಿಗೆ ಬಿಳಿಯರ ಹೆದರಿಕೆ ಇಲ್ಲ, ಪಕ್ಕದ ರೂಮಿನ ಇಂಡಿಯಾದೋರ ಹೆದರಿಕೆ ಇದೆ.

"ಅಲ್ಲಿ ಯಾರು ಜಾತಿ ಕೇಳ್ತಾರೆ?" ಅನ್ನೋರು ಸ್ವಲ್ಪ ಈ ಕಡೆ ನೋಡಿ. 2019ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯ ತನ್ನ ತಾರತಮ್ಯ ವಿರೋಧಿ ನಿಯಮಕ್ಕೆ ಜಾತಿಯನ್ನ ಸೇರಿಸಿತು. 2022ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ಸೇರಿಸಿತು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನ ಕಾನೂನು ಮಾಡಿಯೇ ನಿಷೇಧಿಸಿತು, ಅಮೆರಿಕದಲ್ಲಿ ಅಂಥ ಮೊದಲ ನಗರ ಅದು. ಅದೇ ವರ್ಷ ಕ್ಯಾಲಿಫೋರ್ನಿಯಾ ಶಾಸನಸಭೆ ಪಾಸು ಮಾಡಿದ ಮಸೂದೆಗೆ ಅಲ್ಲಿನ ಗವರ್ನರ್ ಸಹಿ ಹಾಕಲಿಲ್ಲ, ಇರೋ ಕಾನೂನೇ ಸಾಕು ಅಂದ್ರು. ಈ ಗುದ್ದಾಟ ಎಲ್ಲ ಯಾಕೆ ಬಂತು? ಯಾರದೋ ಚೀಲದಲ್ಲಿ ಜಾತಿ ಅಲ್ಲಿಗೂ ಹೋಗಿದೆ. ಉಪ್ಪಿನಕಾಯಿ ಬಾಟ್ಲಿ ಅರ್ಧ ಕೆಜಿ ಜಾಸ್ತಿ ಆದ್ರೆ ಏರ್‌ಪೋರ್ಟಲ್ಲಿ ತೆಗೆಸ್ತಾರೆ. ಜಾತಿಗೆ ಯಾವ ತಕ್ಕಡಿಯೂ ಇಲ್ಲ. "ನಿಮ್ಮ ಮನೆದೇವರು ಯಾವುದು?", "ಸರ್‌ನೇಮ್ ಏನು?", "ವೆಜ್ಜಾ?" ಅಂತ ಮೂರು ಪ್ರಶ್ನೆ ಕೇಳಿ ಬಿಚ್ಚಿಡ್ತಾರೆ.

ಸರ್ಕಾರವೂ ಒಂದು ಪಟ್ಟಿ ಕೊಟ್ಟಿದೆ. ಪರಿಶಿಷ್ಟ ಜಾತಿ, ಅಲೆಮಾರಿ, ಭೂಹೀನ ಕೂಲಿಕಾರ ಕುಟುಂಬಗಳ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಇಡೀ ದೇಶಕ್ಕೆ ವರ್ಷಕ್ಕೆ 125 ಸೀಟು. 2022ರಲ್ಲಿ ಅದರ ಮಾರ್ಗಸೂಚಿ ಬದಲಾಯಿಸಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಕುರಿತ ವಿಷಯ ತಗೊಂಡು ಹೋಗೋರಿಗೆ ಈ ಹಣ ಇಲ್ಲ ಅಂದ್ರು. ಹೋಗು, ಆದ್ರೆ ನಿನ್ನ ಕೇರಿಯ ಪ್ರಶ್ನೆಯನ್ನ ಇಲ್ಲೇ ಬಿಟ್ಟು ಹೋಗು ಅಂತ ತಾನೇ ಇದರ ಅರ್ಥ?

1913ರಲ್ಲಿ ಬರೋಡ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ನ್ಯೂಯಾರ್ಕಿಗೆ ಹೋದ ಬಾಬಾಸಾಹೇಬರು ಆ ಪ್ರಶ್ನೆಯನ್ನ ಬಿಟ್ಟು ಹೋಗಲಿಲ್ಲ. 1916ರಲ್ಲಿ ಕೊಲಂಬಿಯಾದ ಮಾನವಶಾಸ್ತ್ರ ಸೆಮಿನಾರಿನಲ್ಲಿ ಭಾರತದ ಜಾತಿಗಳ ಹುಟ್ಟು ಮತ್ತು ಬೆಳವಣಿಗೆ ಬಗ್ಗೆಯೇ ಪ್ರಬಂಧ ಓದಿದರು. ಈ ಹೊಸ ನಿಯಮದ ಕಣ್ಣಲ್ಲಿ ಆ ವಿಷಯವೇ ಅನರ್ಹ. 1917ರಲ್ಲಿ ಅವರು ವಾಪಸ್ ಬರುವಾಗ ಅವರ ಪುಸ್ತಕಗಳಿದ್ದ ಹಡಗನ್ನ ಯುದ್ಧದಲ್ಲಿ ಜರ್ಮನ್ನರು ಮುಳುಗಿಸಿದರು. ಊಟ ಬಿಟ್ಟು ಕೊಂಡ ಪುಸ್ತಕಗಳು ನೀರುಪಾಲಾದವು. ಬರೋಡಕ್ಕೆ ಕೆಲಸಕ್ಕೆ ಹೋದ್ರೆ ಪಾರ್ಸಿ ವಸತಿಗೃಹದಿಂದ ಹೊರಹಾಕಿದರು. ಅಷ್ಟೆಲ್ಲ ಕಳ್ಕೊಂಡ ಮನುಷ್ಯ 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಿದರು. ಸಾಮಾನು ಹೋದ್ರೂ ಪ್ರಶ್ನೆ ಕೈ ಬಿಡಲಿಲ್ಲ.

ಹಂಗಾಗಿ, ಹೊರಟಿರೋ ಮಕ್ಕಳಿಗೆ ನನ್ನದೊಂದು ಪಟ್ಟಿ.

ಮೊದಲು ಕಾಗದ. ಅಂಕಪಟ್ಟಿ, ಟಿಸಿ, ಆರ್‌ಡಿ ನಂಬರ್ ಇರೋ ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಆದೇಶ. ಇವನ್ನ ಕೈಚೀಲದಲ್ಲೇ ಇಡಿ, ದೊಡ್ಡ ಚೀಲದಲ್ಲಿ ಹಾಕ್ಬೇಡಿ. ಎಲ್ಲದರ ಒಂದೊಂದು ನಕಲು ಮನೇಲಿರಲಿ, ಒಂದು ಇಮೇಲಲ್ಲಿರಲಿ. ಕಚೇರಿಗಳಿಗೆ ಅಲೆಯೋಕೆ ಊರಲ್ಲಿ ನಂಬಿಕೆಯ ಒಬ್ಬರಿಗೆ ಅಧಿಕಾರಪತ್ರ ಬರೆದುಕೊಟ್ಟು ಹೋಗಿ. ಎರಡನೇ ಕಂತು ನಿಂತಾಗ ಅಪ್ಪ ಕೂಲಿ ಬಿಟ್ಟು ಬೆಂಗಳೂರಿಗೆ ಓಡಾಡೋದು ತಪ್ಪುತ್ತೆ.

ಆಮೇಲೆ ಊಟ. ಒಣಗಿಸಿದ ಬಾಡು ಬೇಡ, ಅಮೆರಿಕ ಬ್ರಿಟನ್ ಎರಡೂ ಕಡೆ ಕಸ್ಟಮ್ಸಲ್ಲಿ ಕಿತ್ಕೊಳ್ತಾರೆ. ಅವ್ವ ಕುಟ್ಟಿದ ಖಾರದಪುಡಿ ಒಯ್ಯಿರಿ. ಸಾರು ಮಾಡೋದು ಹೆಂಗೆ ಅಂತ ಅವಳ ದನಿಯಲ್ಲೇ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ.

ಬಾಬಾಸಾಹೇಬರ ಸಂಪುಟಗಳು ಭಾರ. ಇಂಗ್ಲಿಷ್ ಸಂಪುಟಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗ್ತವೆ, ಫೋನಲ್ಲಿ ಇಳಿಸ್ಕೊಳ್ಳಿ. ಫೋಟೋ ಮಾತ್ರ ಒಯ್ಯಿರಿ, ಅಂಗೈಯಗಲದ್ದು ಸಾಕು. ಗೋಡೆಗೆ ಹಾಕೋದೋ, ಡೈರಿಯೊಳಗೆ ಇಟ್ಕೊಳ್ಳೋದೋ ನಿಮಗೆ ಬಿಟ್ಟಿದ್ದು. ಯಾರಿಗೆ ಹೇಳ್ಬೇಕು, ಯಾವಾಗ ಹೇಳ್ಬೇಕು ಅನ್ನೋ ತೀರ್ಮಾನವೂ ನಿಮ್ಮದೇ. ಹೊಸ ಊರಲ್ಲಿ ಒಬ್ಬಂಟಿ ಹುಡುಗಿ ಸುಮ್ಮನಿದ್ರೆ ಅವಳನ್ನ ಹೇಡಿ ಅನ್ನೋ ಹಕ್ಕು ಇಲ್ಲಿ ಕೂತು ಪೋಸ್ಟ್ ಹಾಕೋ ನನ್ನಂಥೋರಿಗಿಲ್ಲ. ಆದ್ರೆ ಆ ಮೌನವನ್ನ ಎಲ್ಲರ ಪಟ್ಟಿಯಲ್ಲೂ ನಿಯಮ ಮಾಡಿ ಸೇರಿಸೋದನ್ನ ನಾನು ಒಪ್ಪಲ್ಲ.

ಸವರ್ಣ ಗೆಳೆಯರೇ, ನಿಮ್ಮ ಮಕ್ಕಳೂ ಇದೇ ವಿಮಾನದಲ್ಲಿ ಹೋಗ್ತಾರೆ. ಇಲ್ಲೀವರೆಗೂ ಹಗುರ ಆಗು, ಇಳಿಸು, ಬಿಡು ಅಂತ ಎಲ್ಲರೂ ಹೇಳಿದ್ದು ನಮ್ಮ ಮಕ್ಕಳಿಗೆ. ಈ ಸಲ ನಿಮ್ಮ ಮಗನ ಚೀಲ ಮುಚ್ಚೋ ಮೊದಲು ಒಂದು ಮಾತು ಹೇಳಿ ಕಳಿಸಿ: ರೂಂಮೇಟ್‌ನ ಸರ್‌ನೇಮ್ ಕೆದಕಬೇಡ, ಅವರ ಪಾತ್ರೆ ನೋಡಿ ಮುಖ ತಿರುಗಿಸಬೇಡ ಅಂತ. ಇದಕ್ಕೆ ಒಂದು ಗ್ರಾಂ ತೂಕವೂ ಇಲ್ಲ.

ದಾಖಲೆಗಳ ವಿಚಾರದಲ್ಲಿ ಗೊಂದಲ ಇರೋ ವಿದ್ಯಾರ್ಥಿಗಳು ಇನ್‌ಬಾಕ್ಸ್‌ಗೆ ಬನ್ನಿ, ಗೊತ್ತಿರೋದನ್ನ ಹೇಳ್ತೀನಿ. ಹೋಗಿ ಬನ್ನಿ ಮಕ್ಕಳೇ.

ಜೈಭೀಮ್.